ಬಾಣಕ್ಕೆ ಗರಿ ಅಂಟಿಸಲು ಯಾವ ಅಂಟು? ಆಯ್ಕೆಯಿಂದ ರಿಪೇರಿಯವರೆಗೆ

ಬಿಲ್ಲು ಹಿಡಿದು ಮೂರ್ನಾಲ್ಕು ತಿಂಗಳಾದವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಗರಿ ಕಿತ್ತು ಬರ್ತಾ ಇದೆ, ಎಲ್ಲಕ್ಕಿಂತ ಗಟ್ಟಿ ಅಂಟು ಯಾವುದು ಹೇಳಿ." ಈ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟರೆ ನಿಮಗೆ ಅನ್ಯಾಯವಾಗುತ್ತದೆ. ಗರಿ ಕಿತ್ತು ಬರುವುದು ಅಂಟಿನ ಶಕ್ತಿ ಸಾಲದೆ ಅಲ್ಲ. ಬಹುತೇಕ ಸಲ ಬಾಣದ ಕಡ್ಡಿಯ ಮೈ ಕೊಳೆಯಾಗಿರುತ್ತದೆ, ಇಲ್ಲವೇ ಗರಿಯ ಬುಡ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಕಡ್ಡಿಯ ಮೇಲಿನ ಬಣ್ಣಕ್ಕೂ ಅಂಟಿಗೂ ಹೊಂದಾಣಿಕೆ ಇರುವುದಿಲ್ಲ.

ಇನ್ನೊಂದು ಮಾತು. ಗರಿ ಸವೆಯುವ ವಸ್ತು. ಒಂದು ಬಾಣದ ಮೂರು ಗರಿಗಳಲ್ಲಿ ಒಂದನ್ನಾದರೂ ವರ್ಷದೊಳಗೆ ನೀವು ಬದಲಾಯಿಸಲೇಬೇಕಾಗುತ್ತದೆ. ಕೀಳಲು ಬಾರದ ಅಂಟು ಹಾಕಿದ್ದರೆ ಗರಿಯ ಜತೆ ಕಡ್ಡಿಯೂ ಹಾಳು. ಹಾಗಾಗಿ ನಾನು ಅಂಟು ಆರಿಸುವಾಗ ನೋಡುವುದು "ಎಷ್ಟು ಗಟ್ಟಿ" ಎಂದಲ್ಲ, "ಬೇಕಾದಾಗ ಬಿಡಿಸಲು ಬರುತ್ತದೆಯೇ" ಎಂದು. ಗರಿ ನಿಲ್ಲುವ ಬಲವನ್ನು ಎರಡು ತುದಿಗಳಲ್ಲಿ ಬೇರೆಯಾಗಿ ಕೊಡಬಹುದು. ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಹೇಳುವುದೆಲ್ಲ ಹಕ್ಕಿಯ ಗರಿಗೆ ಮಾತ್ರ. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್‌ಗಳ ಲೆಕ್ಕ ಬೇರೆ, ಅವಕ್ಕೆ ಕೆಲವೊಮ್ಮೆ ಪ್ರೈಮರ್ ಬೇಕಾಗುತ್ತದೆ. ಗರಿಯನ್ನೇ ಬಯಸುವವರು ಮುಖ್ಯವಾಗಿ ಮೂರು ಬಗೆ: ಬಿದಿರಿನ ಬಿಲ್ಲು, ಮರ ಅಥವಾ ಬಿದಿರಿನ ಬಾಣ ಹಿಡಿದು ಇಂಡಿಯನ್ ರೌಂಡ್ ಆಡುವವರು, ಬಾಣವನ್ನು ಕೈಯ ಮೇಲೆ ಅಥವಾ ಬಿಲ್ಲಿನ ಅಂಚಿನ ಮೇಲೆ ಇಟ್ಟು ಬಿಡುವ ಸಾಂಪ್ರದಾಯಿಕ ಬಿಲ್ಲಿನವರು, ಒಳಾಂಗಣದಲ್ಲಿ 18 ಮೀಟರ್ ದೂರಕ್ಕೆ ದಪ್ಪ ಕಡ್ಡಿಯ ಬಾಣ ಬಿಡುವವರು. ಎರಡನೆಯ ಗುಂಪಿಗೆ ಗರಿ ಅನಿವಾರ್ಯವೇ ಸರಿ. ಬಿಲ್ಲಿನ ಅಂಚು ತಾಗಿದಾಗ ಗರಿ ಮಡಿಚಿಕೊಂಡು ಹಾದುಹೋಗುತ್ತದೆ, ಪ್ಲಾಸ್ಟಿಕ್ ಆದರೆ ಪುಟಿದು ಬಾಣವನ್ನು ಓರೆ ಮಾಡುತ್ತದೆ.

ಮೊದಲು ನಾಲ್ಕು ಪದ

ಕಡ್ಡಿ ಎಂದರೆ ಬಾಣದ ಉದ್ದನೆಯ ದಂಡ, ಅಂಗಡಿಯವರು ಶಾಫ್ಟ್ ಎನ್ನುತ್ತಾರೆ. ನಾಕ್ ಎಂದರೆ ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಸೀಳು. ದಂಟು ಎಂದರೆ ಗರಿಯ ನಡುವಿನ ಗಟ್ಟಿ ಕಾಂಡ. ಅದನ್ನು ಸೀಳಿ, ತಳವನ್ನು ಚಪ್ಪಟೆಯಾಗಿ ಉಜ್ಜಿರುತ್ತಾರೆ, ಅಂಟು ಹಿಡಿಯುವುದು ಆ ತಳಕ್ಕೇ. ಜಿಗ್ ಎಂದರೆ ಬಾಣವನ್ನೂ ಗರಿಯನ್ನೂ ಸರಿಯಾದ ಕೋನದಲ್ಲಿ ಹಿಡಿದಿಡುವ ಸಾಧನ. ಮೂರು ಗರಿಯಾದರೆ 120 ಡಿಗ್ರಿಗೊಂದರಂತೆ ತಿರುಗಿಸಿಕೊಡುತ್ತದೆ.

ಬೇಕಾಗುವ ಸಾಮಾನು

ಜಿಗ್, ಅಂಟು, 220 ಮತ್ತು 320 ನಂಬರಿನ ಸ್ಯಾಂಡ್‌ಪೇಪರ್, 99% ಐಸೊಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಟಿಶ್ಯೂ, ಮೊಂಡು ಚಾಕು, ಹಲ್ಲುಕಡ್ಡಿ, ಪೆನ್ಸಿಲ್, ಸ್ವಲ್ಪ ರೇಷ್ಮೆ ಅಥವಾ ಪಾಲಿಯೆಸ್ಟರ್ ದಾರ. ಆಲ್ಕೋಹಾಲ್ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸುವವರಿದ್ದಾರೆ, ದಯವಿಟ್ಟು ಬೇಡ. ಚರ್ಮ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಸ್ಪಿರಿಟ್ ಹಾರಿಹೋದ ಮೇಲೆ ಗ್ಲಿಸರಿನ್ ಕಡ್ಡಿಯ ಮೇಲೆ ಉಳಿಯುತ್ತದೆ, ಯಾವ ಅಂಟೂ ಅದರ ಮೇಲೆ ಹಿಡಿಯುವುದಿಲ್ಲ.

ಗರಿ ಕೊಳ್ಳುವಾಗ ಟರ್ಕಿ ಕೋಳಿಯ ರೆಕ್ಕೆಗರಿಯನ್ನೇ ಕೊಳ್ಳಿ, ಬುಡ ಉಜ್ಜಿ ಆಕಾರಕ್ಕೆ ಕತ್ತರಿಸಿದ್ದು ಸಿಗುತ್ತದೆ. ಬಾತುಕೋಳಿಯ ದೊಡ್ಡ ರೆಕ್ಕೆಗರಿಯೂ ನಡೆಯುತ್ತದೆ. ಹದ್ದು, ರಣಹದ್ದುಗಳಂಥ ಕಾಡುಹಕ್ಕಿಯ ಗರಿ ಬಿದ್ದದ್ದು ಸಿಕ್ಕಿತೆಂದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕಿಂತ ಹೆಚ್ಚಾಗಿ ರಣಹದ್ದುಗಳಂತೂ ಅಳಿವಿನಂಚಿನಲ್ಲಿವೆ.

ಹಂತ 1: ಕಡ್ಡಿ ಯಾವುದು, ಅದರ ಮೇಲಿನ ಲೇಪ ಯಾವುದು

ಅಂಟು ಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಅಂಟು ಹಿಡಿಯುವುದು ಮರಕ್ಕಲ್ಲ, ಮರದ ಮೇಲಿನ ಪಾಲಿಶ್‌ಗೆ. ಪಾಲಿಶ್ ಮರದಿಂದ ಎದ್ದರೆ ಗರಿಯೂ ಎದ್ದಂತೆಯೇ. ಕಿತ್ತು ಬಂದ ಗರಿಯ ತಳವನ್ನು ತಿರುಗಿಸಿ ನೋಡಿ. ಅಲ್ಲಿ ಬಣ್ಣದ ಪದರ ಅಂಟಿಕೊಂಡಿದ್ದರೆ ತಪ್ಪು ಪಾಲಿಶ್‌ನದು. ಅಂಟು ಪೂರ್ತಿ ಗರಿಯಲ್ಲೇ ಉಳಿದು ಕಡ್ಡಿ ಬೋಳಾಗಿದ್ದರೆ ಕಡ್ಡಿ ಕೊಳೆಯಾಗಿತ್ತು. ಅಂಟು ಕಡ್ಡಿಯಲ್ಲೇ ಉಳಿದು ಗರಿ ಮಾತ್ರ ಬಂದಿದ್ದರೆ ಗರಿಯ ತಳದಲ್ಲಿ ಧೂಳೋ ಎಣ್ಣೆಯೋ ಇತ್ತು, ಇಲ್ಲವೇ ಕೂರಿಸುವಷ್ಟರಲ್ಲಿ ಅಂಟು ಆರಿತ್ತು. ಹೊಸ ಅಂಟಿಗೆ ದುಡ್ಡು ಹಾಕುವ ಮೊದಲು ಈ ಮೂರನ್ನು ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಮರ ಮತ್ತು ಬಿದಿರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹಚ್ಚುವ ಲೇಪಗಳು ಮೂರು. ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುವುದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಇದರ ಮೇಲೆ ಆಲ್ಕೋಹಾಲ್‌ನಿಂದ ಒರೆಸಿದರೆ ಪಾಲಿಶ್ಶೇ ಕರಗಿ ಅಂಟಂಟಾಗುತ್ತದೆ. ಆದ್ದರಿಂದ ಗರಿ ಕೂರುವ ಜಾಗಕ್ಕೆ ಫ್ರೆಂಚ್ ಪಾಲಿಶ್ ಬೇಡವೇ ಬೇಡ. ಎರಡನೆಯದು ಎನ್‌ಸಿ ಲ್ಯಾಕರ್, ಎಂದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಪೀಠೋಪಕರಣದ ಪೇಂಟರ್‌ಗಳ ಬಳಿ ಇದ್ದೇ ಇರುತ್ತದೆ. ಗರಿಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಲೇಪ ಇಲ್ಲ, ಕಾರಣ ಮುಂದೆ ಬರುತ್ತದೆ. ಮೂರನೆಯದು ಪಿಯು, ಎಂದರೆ ಪಾಲಿಯುರೆಥೇನ್. ಬಲು ಗಟ್ಟಿ, ನೀರಿಗೂ ಜಗ್ಗುವುದಿಲ್ಲ, ಆದರೆ ಒಂದು ವಾರ ಪೂರ್ತಿ ಗಟ್ಟಿಯಾಗಲು ಬಿಡಬೇಕು. ಬಳಿಕ 320 ನಂಬರಿನ ಪೇಪರ್‌ನಿಂದ ಹೊಳಪು ತೆಗೆದರಷ್ಟೇ ಅಂಟು ಕಚ್ಚುತ್ತದೆ.

ಕಾರ್ಬನ್ ಮತ್ತು ಅಲ್ಯೂಮಿನಿಯಂ ಕಡ್ಡಿಗಳಲ್ಲಿ ಇಷ್ಟು ಗೊಂದಲವಿಲ್ಲ. ಅಲ್ಲಿ ಶುಚಿಯೇ ಮುಖ್ಯ.

ಹಂತ 2: ಅಂಟು ಆರಿಸುವುದು

ಇದೇ ಲೇಖನದ ಜೀವ, ಆದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

*ದ್ರಾವಕದ ಸಿಮೆಂಟ್.* ಪ್ಲಾಸ್ಟಿಕ್‌ನಂಥ ವಸ್ತುವನ್ನು ಅಸಿಟೋನ್ ಮುಂತಾದ ದ್ರಾವಕದಲ್ಲಿ ಕರಗಿಸಿ ಟ್ಯೂಬಿಗೆ ತುಂಬಿರುತ್ತಾರೆ. ದ್ರಾವಕ ಹಾರಿಹೋದಂತೆ ಅಂಟು ಗಟ್ಟಿಯಾಗುತ್ತದೆ. ಅಮೆರಿಕದ ಡ್ಯೂಕೊ ಸಿಮೆಂಟ್, ಜರ್ಮನಿಯ ಊಹು ಹಾರ್ಟ್ ಎರಡೂ ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದಂಥವು. ಬೋನಿಂಗ್ ಕಂಪನಿಯ ಫ್ಲೆಚ್‌ಟೈಟ್ ಬಿಲ್ಲುಗಾರರಿಗೆಂದೇ ಮಾಡಿದ್ದು, ಅದೂ ದ್ರಾವಕ ಆರಿ ಗಟ್ಟಿಯಾಗುವ ಬಗೆಯೇ. ಮರದ ಬಾಣಕ್ಕೆ ನನ್ನ ಮೊದಲ ಆಯ್ಕೆ ಇದು. ಕಡ್ಡಿಗೆ ಎನ್‌ಸಿ ಲ್ಯಾಕರ್ ಹಚ್ಚಿದ್ದರೆ ನೈಟ್ರೊಸೆಲ್ಯುಲೋಸ್ ಸಿಮೆಂಟ್ ಆ ಲ್ಯಾಕರನ್ನು ಒಂದಿಷ್ಟು ಕರಗಿಸಿ ಅದರೊಳಗೇ ಬೆರೆತು ಒಂದಾಗುತ್ತದೆ. ಎರಡೂ ಒಂದೇ ಜಾತಿಯವು, ಹಾಗಾಗಿ ನಡುವೆ ಬಿರುಕು ಬಿಡುವ ಗೆರೆಯೇ ಇರುವುದಿಲ್ಲ. ಕೀಳಬೇಕಾದಾಗ ಮೊಂಡು ಚಾಕುವಿಗೆ ಸುಲಿದು ಬರುತ್ತದೆ. ಗರಿ ಓರೆ ಕೂತರೆ ಸರಿಪಡಿಸಲು ಅರ್ಧ ನಿಮಿಷದ ಅವಕಾಶವೂ ಉಂಟು.

ಕೊರತೆ ಎಂದರೆ ತಾಳ್ಮೆ ಬೇಕು. ಒಂದೊಂದು ಗರಿಯೂ 10ರಿಂದ 15 ನಿಮಿಷ ಕ್ಲ್ಯಾಂಪ್‌ನಲ್ಲಿ, ಎಂದರೆ ಜಿಗ್‌ನ ಗರಿ ಕಚ್ಚಿಹಿಡಿಯುವ ಭಾಗದಲ್ಲಿ, ಇರಬೇಕು, ಮಳೆಗಾಲದಲ್ಲಿ ಅರ್ಧ ಗಂಟೆ. ಹನ್ನೆರಡು ಬಾಣಕ್ಕೆ ಮೂವತ್ತಾರು ಗರಿ, ಲೆಕ್ಕ ನೀವೇ ಹಾಕಿ. ಒಂದೇ ದಿನ ಮುಗಿಸುವ ಹಟ ಬೇಡ. ಇದರ ಆವಿಗೆ ಬೆಂಕಿ ಬಲು ಬೇಗ ಹತ್ತುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ, ಊದುಬತ್ತಿ ಉರಿಯುವ ಕೋಣೆಯಲ್ಲಿ ಈ ಕೆಲಸ ಮಾಡಬೇಡಿ. ಕಿಟಕಿ ತೆರೆದಿರಲಿ.

*ಕ್ಷಣದಲ್ಲಿ ಕಚ್ಚುವ ಅಂಟು.* ಫೆವಿಕ್ವಿಕ್ ಎಂದು ಎಲ್ಲರ ಬಾಯಲ್ಲಿರುವ ಜಾತಿ, ರಸಾಯನದ ಹೆಸರು ಸೈಯನೊಅಕ್ರಿಲೇಟ್. ಇದು ಆರಿ ಗಟ್ಟಿಯಾಗುವುದಲ್ಲ, ಮೇಲ್ಮೈಯಲ್ಲಿರುವ ತೇವದ ಜತೆ ಸೇರಿ ಗಟ್ಟಿಯಾಗುವುದು. ಕಾರ್ಬನ್ ಕಡ್ಡಿಗೆ, ರ್ಯಾಪ್ ಸುತ್ತಿದ ಕಡ್ಡಿಗೆ ಇದು ಚೆನ್ನಾಗಿ ಹೊಂದುತ್ತದೆ. ರ್ಯಾಪ್ ಎಂದರೆ ಕಡ್ಡಿಯ ಹಿಂಭಾಗಕ್ಕೆ ಸುತ್ತುವ ತೆಳ್ಳನೆಯ ವಿನೈಲ್ ಸ್ಟಿಕರ್.

ಐದು ರೂಪಾಯಿಯ ಟ್ಯೂಬು ಬೀದಿಯ ಮೂಲೆಯ ಅಂಗಡಿಯಲ್ಲೂ ಸಿಗುವುದರಿಂದ ಎಲ್ಲರೂ ಮೊದಲು ಇದಕ್ಕೇ ಕೈಹಾಕುತ್ತಾರೆ, ಎಡವುವುದೂ ಇಲ್ಲೇ. ನೀರಿನಂಥ ತೆಳು ಅಂಟನ್ನು ಗರಿಗೆ ಹಾಕಿದರೆ ಅದು ದಂಟಿನಲ್ಲಿ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದಂತೆ ಗರಿಯ ಎಳೆಗಳು ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತವೆ. ಕಣ್ಣೆದುರಿಗೇ ಎಳೆಗಳ ಬುಡ ಒದ್ದೆಯಾದಂತೆ ಕಪ್ಪಾಗಿ, ಮರುಕ್ಷಣ ಗಾಜಿನಂತೆ ಸೆಟೆದು ನಿಲ್ಲುತ್ತದೆ. ಆ ಗರಿ ಮಡಿಚುವುದಿಲ್ಲ, ಮುರಿಯುತ್ತದೆ. ಆದ್ದರಿಂದ ಈ ಜಾತಿಯಲ್ಲಿ ಜೆಲ್ ಎಂದು ಬರೆದಿರುವ ಗಟ್ಟಿ ದ್ರವವನ್ನೇ ಕೊಳ್ಳಿ. ಬಿಲ್ಲುಗಾರರಿಗೆಂದೇ ಎಎಇ, ಈಸ್ಟನ್ ಕಂಪನಿಗಳು ಮಾಡುವ ಬಾಟಲಿಗಳೂ ಇವೆ.

ಎರಡನೆಯ ತಪ್ಪು ಹೆಚ್ಚು ಹಾಕುವುದು. ಈ ಅಂಟು ತೆಳುವಾದಷ್ಟೂ ಗಟ್ಟಿ, ದಪ್ಪಗಾದರೆ ಒಳಗೆ ಹಸಿಯೇ ಉಳಿಯುತ್ತದೆ. ಮೂರನೆಯದು, ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಅಂಟಿನ ಸುತ್ತ ಬೂದಿ ಉದುರಿದಂತೆ ಬಿಳಿ ಪುಡಿ ಕೂರುತ್ತದೆ. ಅಂಟಿನ ಆವಿ ಗಾಳಿಯ ತೇವಕ್ಕೆ ಗಟ್ಟಿಯಾಗಿ ಹಾಗೆ ಬೀಳುತ್ತದೆ. ನೋಡಲು ಕೆಡುಕಷ್ಟೇ, ಹಿಡಿತಕ್ಕೆ ತೊಂದರೆ ಇಲ್ಲ. ಅಂಟು ಕಡಿಮೆ ಮಾಡಿ, ಸುತ್ತ ಸ್ವಲ್ಪ ಗಾಳಿಯಾಡಲು ಬಿಟ್ಟರೆ ಕಡಿಮೆಯಾಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಈ ಅಂಟು ಹತ್ತಿಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಹತ್ತಿಯ ಕೈಗವಸು ಹಾಕಿಕೊಂಡೋ, ಹಳೆ ಬನಿಯನ್ ತುಂಡಿನಿಂದ ಒರೆಸುತ್ತಲೋ ಈ ಕೆಲಸ ಮಾಡಬಾರದು. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉರುಳಿಸುತ್ತ ಬಿಡಿಸಿ. ಕಣ್ಣಿಗೆ ಸಿಡಿದರೆ ಉಜ್ಜದೆ ನೀರಿನಿಂದ ತೊಳೆಯುತ್ತ ನೇರ ಆಸ್ಪತ್ರೆಗೆ ಹೋಗಿ.

*ಬಿಳಿ ಫೆವಿಕಾಲ್.* ಮರಗೆಲಸದ ಬಿಳಿ ಅಂಟು, ಪಿವಿಎ ಎನ್ನುವುದು. ಇದರ ನೀರನ್ನು ಯಾವುದಾದರೂ ಒಂದು ಮೈ ಹೀರಿಕೊಳ್ಳಲೇಬೇಕು. ಲೇಪವಿಲ್ಲದ ಬೋಳು ಮರಕ್ಕೆ, ಉಜ್ಜಿದ ಬಿದಿರಿಗೆ ಹಿಡಿಯುತ್ತದೆ. ಪಾಲಿಶ್ ಮಾಡಿದ ಕಡ್ಡಿಗೆ, ಕಾರ್ಬನ್ನಿಗೆ, ಅಲ್ಯೂಮಿನಿಯಮ್ಮಿಗೆ ವ್ಯರ್ಥ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಬಾಣ ರಾತ್ರಿ ಕಳೆದರೆ ಮೆತ್ತಗಾಗುತ್ತದೆ. ಆದರೂ ಮಕ್ಕಳಿಗೆ ಕಲಿಸುವಾಗ ನಾನು ಇದನ್ನೇ ಕೊಡುವುದು: ವಾಸನೆಯಿಲ್ಲ, ಬೆಂಕಿಯ ಭಯವಿಲ್ಲ, ತಪ್ಪಾದರೆ ಒದ್ದೆ ಬಟ್ಟೆಗೆ ಹೋಗುತ್ತದೆ. ಗರಿ ಕೂರಿಸಿದ ಮೇಲೆ ದಾರ ಸುತ್ತಿ, ಮೇಲಿಂದ ಲ್ಯಾಕರ್ ಹಚ್ಚಿದರೆ ಬಾಳಿಕೆಯೂ ಬರುತ್ತದೆ.

*ರಬ್ಬರಿನ ಅಂಟು.* ಚಪ್ಪಲಿ ಹೊಲಿಯುವವರ ಬಳಿ, ಸನ್‌ಮೈಕಾ ಅಂಟಿಸುವವರ ಬಳಿ ಇರುವ ಹಳದಿ ಅಂಟು. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಆರಿಸಿ ಒತ್ತುವಂಥದು. ಒತ್ತಿದ ಕ್ಷಣವೇ ಹಿಡಿಯುತ್ತದೆ, ಸರಿಸಲು ಬರುವುದಿಲ್ಲ. ಬಿಸಿಲಿಗೆ ಮೆತ್ತಗಾಗಿ ಗರಿ ನಿಧಾನಕ್ಕೆ ಜಾರುತ್ತದೆ. ನಾನು ಬಳಸುವುದಿಲ್ಲ.

*ಎರಡು ಟ್ಯೂಬಿನ ಎಪಾಕ್ಸಿ.* ಅರಾಲ್ಡೈಟ್‌ನಂಥದು. ಬಾಣದ ಮೊನೆ ಕೂರಿಸಲು ಬಹಳ ಒಳ್ಳೆಯದು, ಗರಿಗೆ ಬೇಡ. ಭಾರ ಹೆಚ್ಚು, ಕೀಳಲು ಬರುವುದಿಲ್ಲ. ಬಾಲದಲ್ಲಿ ಭಾರ ಕೂಡಿದಷ್ಟೂ ಬಾಣ ಬಿಲ್ಲು ಬಿಟ್ಟ ಮೇಲೆ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ.

*ಗರಿಯ ಟೇಪು.* ಎರಡೂ ಕಡೆ ಅಂಟುವ ಕಿರಿದಾದ ಟೇಪು, ಗರಿಯ ತಳದ ಅಗಲಕ್ಕೇ ಬರುತ್ತದೆ. ಕ್ಲ್ಯಾಂಪ್‌ನಲ್ಲಿ ಕಾಯುವ ಕೆಲಸವಿಲ್ಲ. ಸಾಂಪ್ರದಾಯಿಕ ಬಿಲ್ಲಿನವರು ಇದನ್ನು ಬಹಳ ಮೆಚ್ಚುತ್ತಾರೆ, ನಾನೂ ಹೌದು. ಷರತ್ತು ಒಂದೇ: ಗರಿಯ ಎರಡೂ ತುದಿಗೆ ಅಂಟಿನ ಹನಿ ಬೇಕೇ ಬೇಕು. ಸ್ಟೇಷನರಿ ಅಂಗಡಿಯ ಫೋಮ್ ಟೇಪು ಇದಕ್ಕೆ ಬದಲಲ್ಲ, ಅದು ದಪ್ಪ, ಗರಿ ಅದರ ಮೇಲೆ ಒಲೆದಾಡುತ್ತದೆ.

ಹಳೆಯ ಕಾಲದವರು ಏನು ಮಾಡುತ್ತಿದ್ದರು? ಆಲ್ಪ್ಸ್ ಪರ್ವತದಲ್ಲಿ, ಇಟಲಿ–ಆಸ್ಟ್ರಿಯ ಗಡಿಯಲ್ಲಿ, 1991ರಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ ಹಿಮದಿಂದ ಹೊರಬಂತು. ಓಟ್ಸಿ ಎಂದು ಹೆಸರಿಟ್ಟಿದ್ದಾರೆ. ಅವನ ಬತ್ತಳಿಕೆಯಲ್ಲಿ ಪೂರ್ತಿ ಸಿದ್ಧವಾಗಿದ್ದ ಬಾಣ ಎರಡೇ. ಅವುಗಳ ಗರಿಯನ್ನು ಬರ್ಚ್ ಮರದ ತೊಗಟೆಯಿಂದ ತೆಗೆದ ಟಾರಿನಂಥ ಅಂಟಿನಲ್ಲಿ ಕೂರಿಸಿ, ಮೇಲೆ ನವಿರಾದ ದಾರ ಸುತ್ತಲಾಗಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಾಣಗಳಲ್ಲೂ ಗರಿಯ ಜಾಗದಲ್ಲಿ ದಾರದ ಸುತ್ತು ಕಾಣುತ್ತದೆ. ಅಂಟು ಗರಿಯನ್ನು ಜಾಗದಲ್ಲಿಡಲು, ದಾರ ಅದನ್ನು ಹಿಡಿದಿಡಲು. ಈ ಕೆಲಸ ಹಂಚಿಕೆ ಇವತ್ತಿಗೂ ಸರಿ, ನನ್ನ ಸಲಹೆಯ ಬುಡವೂ ಅದೇ.

ಇಷ್ಟೆಲ್ಲ ಓದಿ "ನನಗೆ ಯಾವುದು?" ಎನ್ನುವವರಿಗೆ: ಎನ್‌ಸಿ ಲ್ಯಾಕರ್ ಹಚ್ಚಿದ ಮರ, ಬಿದಿರಿಗೆ ದ್ರಾವಕದ ಸಿಮೆಂಟ್. ಕಾರ್ಬನ್ನಿಗೆ ಸೈಯನೊಅಕ್ರಿಲೇಟ್ ಜೆಲ್, ಅಥವಾ ಟೇಪು. ಅಲ್ಯೂಮಿನಿಯಮ್ಮಿಗೆ ದ್ರಾವಕದ ಸಿಮೆಂಟೇ ಸಾಕು. ಬೋಳು ಬಿದಿರಿಗೆ ಬಿಳಿ ಅಂಟು ಮತ್ತು ದಾರ.

ಹಂತ 3: ಕಡ್ಡಿ ಸಿದ್ಧಮಾಡುವುದು

ಮೊದಲು ಕಡ್ಡಿ ಗಟ್ಟಿಯಾಗಿದೆಯೇ ನೋಡಿ. ಎರಡೂ ತುದಿ ಹಿಡಿದು ತುಸು ಬಗ್ಗಿಸಿ, ತಿರುಗಿಸುತ್ತ ನಾಲ್ಕು ಕಡೆಯೂ ಬಗ್ಗಿಸಿ. ಚಟಪಟ ಸದ್ದು, ಕೂದಲೆಳೆಯ ಬಿರುಕು ಏನೇ ಕಂಡರೂ ಆ ಕಡ್ಡಿಯನ್ನು ಮುರಿದೇ ಎಸೆಯಿರಿ. ಬಿರುಕುಬಿಟ್ಟ ಕಡ್ಡಿ ಬಿಡುವ ಹೊತ್ತಿಗೆ ಸೀಳಿ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ.

ಬಿದಿರಿನ ಹೊರಮೈಯಲ್ಲಿ ಮೇಣದಂಥ ನುಣುಪು ಇರುತ್ತದೆ. ಗರಿ ಕೂರುವ ಐದಾರು ಇಂಚನ್ನು 220 ನಂಬರಿನ ಪೇಪರ್‌ನಿಂದ ಆ ಹೊಳಪು ಹೋಗುವಷ್ಟು ಉಜ್ಜಿ. ಗಿಣ್ಣು ಆ ಜಾಗದಲ್ಲಿ ಬಂದಿದ್ದರೆ ಸಮಮಾಡಿ, ಇಲ್ಲದಿದ್ದರೆ ಗರಿಯ ತಳ ಗಿಣ್ಣಿನ ಎರಡೂ ಪಕ್ಕ ಗಾಳಿಯಲ್ಲಿ ತೇಲುತ್ತದೆ. ಬಳಿಕ ಎನ್‌ಸಿ ಲ್ಯಾಕರ್ ಎರಡು ತೆಳು ಕೈ. ಮೋಡ ಮುಸುಕಿದ ತಂಪು ದಿನ ಹಚ್ಚಿದರೆ ಲ್ಯಾಕರ್ ಹಾಲಿನಂತೆ ಬೆಳ್ಳಗಾಗಬಹುದು, ಬಿಸಿಲು ಬಂದ ದಿನ ಹಚ್ಚಿ. ಒಂದು ದಿನ ಆರಲು ಬಿಡಿ.

ಕಾರ್ಬನ್ ಕಡ್ಡಿಯನ್ನು ಪೇಪರ್‌ನಿಂದ ಜೋರಾಗಿ ಉಜ್ಜಬೇಡಿ, ಒಳಗಿನ ಎಳೆ ಕತ್ತರಿಸುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನಲ್ಲಿ ನೀರು ಹಾಕಿ ಹಗುರಾಗಿ ತಿಕ್ಕಿ. ಒಣದಾಗಿ ಉಜ್ಜಿದರೆ ಏಳುವ ಕರಿಪುಡಿ ಶ್ವಾಸಕ್ಕೆ ಕೆಟ್ಟದ್ದು.

ಅಲ್ಯೂಮಿನಿಯಮ್ಮಿಗೆ ಪಾತ್ರೆ ಪುಡಿಯಿಂದ ತಿಕ್ಕಿ ತೊಳೆಯುವುದೇ ಒಳ್ಳೆಯದು. ತೊಳೆದ ಮೇಲೆ ನಲ್ಲಿಯ ಕೆಳಗೆ ಹಿಡಿದು ಹೊರತೆಗೆಯಿರಿ, ಬೆಳಕಿಗೆ ಓರೆಯಾಗಿ ನೋಡಿ. ನೀರು ಒಂದೇ ತೆಳು ಪರದೆಯಾಗಿ ಮೈತುಂಬ ನಿಂತಿದ್ದರೆ ಶುಚಿ. ಎಲ್ಲಾದರೂ ಪರದೆ ಹರಿದು, ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಗಟ್ಟಿ ಉರುಳಿದರೆ ಅಲ್ಲಿ ಜಿಡ್ಡಿದೆ. ಇನ್ನೊಮ್ಮೆ ತಿಕ್ಕಿ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಇದನ್ನು ಮಾಡಿದವರ ಗರಿ ಬುಡಸಮೇತ ಹಾರಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ಆಲ್ಕೋಹಾಲ್‌ನಿಂದ ಒಂದೇ ದಿಕ್ಕಿಗೆ ಒರೆಸಿ. ಅಲ್ಲಿಂದ ಮುಂದೆ ಆ ಜಾಗ ಬೆರಳಿಗೆ ತಾಗಬಾರದು. ತಲೆಗೆ ಎಣ್ಣೆ ಹಚ್ಚಿ ಕೂದಲು ಸವರಿದ ಕೈ ಎಂದರೆ ಮತ್ತೆ ಮೊದಲಿನಿಂದ.

ಹಂತ 4: ಗರಿ ಸಿದ್ಧಮಾಡುವುದು

ಒಂದು ಬಾಣಕ್ಕೆ ಎಲ್ಲ ಗರಿಯೂ ಒಂದೇ ರೆಕ್ಕೆಯದಾಗಿರಬೇಕು, ಎಡ ಎಂದರೆ ಎಲ್ಲವೂ ಎಡ, ಬಲ ಎಂದರೆ ಎಲ್ಲವೂ ಬಲ. ಗರಿಗೆ ಹುಟ್ಟಿನಿಂದಲೇ ಒಂದು ಬಾಗು ಇರುತ್ತದೆ, ಬೆರೆಸಿದರೆ ಒಂದು ಗರಿ ಬಾಣವನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದು ಎಡಕ್ಕೆ ತಿರುಗಿಸುತ್ತದೆ. ನಿಮ್ಮ ಜಿಗ್‌ನ ಕ್ಲ್ಯಾಂಪ್ ತಿರುಚಿದ ಬಗೆಯದಾಗಿದ್ದರೆ ಅದರ ದಿಕ್ಕೂ ಗರಿಯ ರೆಕ್ಕೆಗೆ ಹೊಂದಬೇಕು. ಹೊಂದದಿದ್ದರೆ ಗರಿಯ ತಳ ಒಂದು ಅಂಚಿನ ಮೇಲೆ ಮಾತ್ರ ಕೂರುತ್ತದೆ, ಯಾವ ಅಂಟು ಹಾಕಿದರೂ ನಿಲ್ಲದು.

ತಳವನ್ನು ಸ್ಯಾಂಡ್‌ಪೇಪರ್ ಮೇಲಿಟ್ಟು ಎರಡೇ ಎರಡು ಸಲ ಹಗುರಾಗಿ ಎಳೆಯಿರಿ, ಹೊಳಪು ಹೋಗಲಿ. ಆಲ್ಕೋಹಾಲ್ ತಾಗಿಸಿದ ಟಿಶ್ಯೂನಿಂದ ತಳ ಮಾತ್ರ ಒರೆಸಿ.

ಹಂತ 5: ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡುವುದು

ಅವಸರದಲ್ಲಿ ಎಲ್ಲರೂ ಬಿಡುವ ಹಂತ ಇದು. ಗರಿಯನ್ನು ಕ್ಲ್ಯಾಂಪ್‌ಗೆ ಹಾಕಿ, ಅಂಟು ಹಚ್ಚದೆ ಕಡ್ಡಿಯ ಮೇಲಿಟ್ಟು, ಆಚೆಯಿಂದ ಬೆಳಕು ಬರುವಂತೆ ಹಿಡಿದು ನೋಡಿ. ತಳಕ್ಕೂ ಕಡ್ಡಿಗೂ ನಡುವೆ ಬೆಳಕಿನ ಗೆರೆ ಕಂಡರೆ ಜಿಗ್ ಸರಿಮಾಡಿ. ಸಂದು ತುಂಬಲು ಅಂಟು ಹೆಚ್ಚು ಹಾಕುವುದು ಪರಿಹಾರವಲ್ಲ.

ಗರಿಯ ಹಿಂತುದಿ ನಾಕ್‌ನಿಂದ ಸುಮಾರು 1 ಇಂಚು, ಎಂದರೆ 25 ಮಿಲಿಮೀಟರ್ ಮುಂದಿರಲಿ. ಹೆದೆ ಎಳೆಯುವ ಬೆರಳಿಗೆ ಜಾಗ ಬೇಕು. ಕ್ಲ್ಯಾಂಪ್ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡರೆ ಹನ್ನೆರಡೂ ಬಾಣ ಒಂದೇ ಅಳತೆಗೆ ಬರುತ್ತವೆ. ಗುರುತಿನ ಗರಿ, ಅಂದರೆ ಬೇರೆ ಬಣ್ಣದ ಒಂದು ಗರಿ, ನಾಕ್‌ನ ಸೀಳಿಗೆ ಅಡ್ಡಲಾಗಿ ಬರಬೇಕು.

ಹಂತ 6: ಅಂಟು ಹಚ್ಚಿ ಕೂರಿಸುವುದು

ದ್ರಾವಕದ ಸಿಮೆಂಟ್ ಆದರೆ ತಳದ ಉದ್ದಕ್ಕೂ ಒಂದೇ ಎಳೆ, ಶ್ಯಾವಿಗೆಗಿಂತ ತೆಳ್ಳಗೆ. ಟ್ಯೂಬ್ ಎತ್ತುವಾಗ ಅಂಟು ಜೇನಿನಂತೆ ನೂಲು ಎಳೆಯುತ್ತದೆ. ಆ ನೂಲು ಗರಿಯ ಎಳೆಗೆ ಬೀಳದಂತೆ ಟ್ಯೂಬಿನ ಮೂತಿಯನ್ನು ದಂಟಿನ ತುದಿಗೆ ಒತ್ತಿ ಮುರಿಯಿರಿ. ಬೋಳು ಮರವಾದರೆ ಮೊದಲು ತೆಳ್ಳಗೆ ಒಂದು ಸಲ ಹಚ್ಚಿ ಆರಲು ಬಿಡಿ, ಬಳಿಕ ಎರಡನೆಯ ಸಲ ಹಚ್ಚಿ ಕೂರಿಸಿ. ಇಲ್ಲದಿದ್ದರೆ ಮೊದಲ ಅಂಟನ್ನು ಮರವೇ ಕುಡಿದುಬಿಡುತ್ತದೆ.

ಸೈಯನೊಅಕ್ರಿಲೇಟ್ ಜೆಲ್ ಆದರೆ ಎಳೆಯೂ ಬೇಡ, ಸಾಸಿವೆ ಗಾತ್ರದ ಚುಕ್ಕಿ ಅರ್ಧ ಇಂಚಿಗೊಂದು ಇಟ್ಟು ಹಲ್ಲುಕಡ್ಡಿಯಿಂದ ಎಳೆದು ಹರಡಿ. ಕ್ಲ್ಯಾಂಪನ್ನು ನೇರ ಕೆಳಗಿಳಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಪಕ್ಕಕ್ಕೆ ಸರಿಸಬೇಡಿ.

ಟೇಪು ಆದರೆ ಗರಿಯ ತಳಕ್ಕೆ ಮೊದಲು ಅಂಟಿಸಿ, ಉಗುರಿನಿಂದ ಉದ್ದಕ್ಕೂ ಒತ್ತಿ, ಬಳಿಕ ಹಿಂದಿನ ಕಾಗದ ಸುಲಿಯಿರಿ.

ಕ್ಲ್ಯಾಂಪ್ ಬಿಚ್ಚುವಾಗ ಗರಿ ಅದಕ್ಕೇ ಅಂಟಿಕೊಂಡು ಬಂದರೆ ಅಂಟು ಹೆಚ್ಚಾಗಿ ಪಕ್ಕಕ್ಕೆ ಉಕ್ಕಿದೆ ಎಂದರ್ಥ. ಕ್ಲ್ಯಾಂಪ್‌ನ ಅಂಚಿಗೆ ಮೇಣದಬತ್ತಿಯನ್ನು ತುಸು ಉಜ್ಜಿಟ್ಟರೆ ಹಿಡಿಯುವುದಿಲ್ಲ. ಆ ಮೇಣ ಕಡ್ಡಿಗೆ ತಾಗದಂತೆ ನೋಡಿಕೊಳ್ಳಿ.

ಹಂತ 7: ತುದಿ ಭದ್ರಮಾಡುವುದು

ಮೂರೂ ಗರಿ ಕೂತ ಮೇಲೆ ಮುಂತುದಿ, ಹಿಂತುದಿಗೆ ಒಂದೊಂದು ಹನಿ ಅಂಟು. ಗರಿ ಏಳಲು ಶುರುವಾಗುವುದೇ ಅಲ್ಲಿಂದ. ಮುಂತುದಿ ಇನ್ನೂ ಮುಖ್ಯ. ಬಾಣವನ್ನು ಕೈಯ ಮೇಲಿಟ್ಟು ಬಿಡುವವರಿಗೆ ಎದ್ದ ದಂಟಿನ ತುದಿ ಬೆರಳಿನ ಗೆಣ್ಣಿಗೆ ಸೂಜಿಯಂತೆ ಹೊಗುತ್ತದೆ. ದಂಟಿನ ಮುಂತುದಿಯನ್ನು ಸ್ಯಾಂಡ್‌ಪೇಪರ್‌ನಿಂದ ಇಳಿಜಾರು ಮಾಡಿ, ಹನಿಯಿಟ್ಟು, ಮೇಲೆ ದಾರದ ಎಂಟು ಹತ್ತು ಸುತ್ತು ಹಾಕಿ, ಸುತ್ತಿನ ಮೇಲೆ ಲ್ಯಾಕರ್ ಸವರಿ. ಲ್ಯಾಕರ್ ಇಲ್ಲದಿದ್ದರೆ ಬಣ್ಣವಿಲ್ಲದ ಉಗುರುಬಣ್ಣ ಸಾಕು. ಅದೂ ನೈಟ್ರೊಸೆಲ್ಯುಲೋಸ್‌ನಿಂದಲೇ ಮಾಡಿದ್ದು, ಮನೆಯಲ್ಲೇ ಸಿಗುವ ಸೊಗಸಾದ ವಸ್ತು. ಮೇಲೆ ಹೇಳಿದ ಹಳೆಯ ಬಾಣಗಳಂತೆ ಗರಿಯ ಎಳೆಗಳ ನಡುವೆ ದಾರ ಹಾಯಿಸಿ ಉದ್ದಕ್ಕೂ ಸುತ್ತುವುದು ಸುಂದರ ಕೆಲಸ, ಆದರೆ ಅದು ಇನ್ನೊಂದು ಲೇಖನದ ವಿಷಯ.

ಹಂತ 8: ಕಾಯುವುದು, ಪರೀಕ್ಷಿಸುವುದು

ದ್ರಾವಕದ ಸಿಮೆಂಟ್ ಮತ್ತು ಬಿಳಿ ಅಂಟಿಗೆ 24 ಗಂಟೆ ಕೊಡಿ. ಜೆಲ್‌ಗೆ ಕೆಲವು ಗಂಟೆ ಸಾಕು, ಆದರೂ ನಾನು ಒಂದು ರಾತ್ರಿ ಬಿಡುತ್ತೇನೆ. ಬಳಿಕ ಹೆಬ್ಬೆರಳ ಉಗುರನ್ನು ದಂಟಿನ ಪಕ್ಕಕ್ಕೆ ಒತ್ತಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಎಲ್ಲಾದರೂ ಟಿಕ್ ಎಂದರೆ ಅಲ್ಲಿ ಅಂಟು ಬಿಟ್ಟಿದೆ. ಆ ಜಾಗಕ್ಕೆ ಹಲ್ಲುಕಡ್ಡಿಯಿಂದ ಒಂದು ಹನಿ ಸೇರಿಸಿದರೆ ಸಾಕು, ಇಡೀ ಗರಿ ಕೀಳಬೇಕಿಲ್ಲ. ಪ್ರತಿ ಅಭ್ಯಾಸಕ್ಕೆ ಮುಂಚೆಯೂ ಒಂದು ಸಲ ಹೀಗೆ ಉಗುರು ಎಳೆದು ನೋಡುವ ರೂಢಿ ಮಾಡಿಕೊಳ್ಳಿ.

ಬಾಣಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಟೇಪು, ವಿನೈಲ್ ರ್ಯಾಪ್ ಎರಡೂ ಶಾಖಕ್ಕೆ ಸಡಿಲಾಗುತ್ತವೆ.

ಹಂತ 9: ಹಳೆ ಗರಿ ಕೀಳುವುದು

ಚಾಕು ಮೊಂಡಾಗಿರಲಿ, ಕಡ್ಡಿಗೆ ಚಪ್ಪಟೆಯಾಗಿ ಹಿಡಿದು ನಿಮ್ಮಿಂದ ಆಚೆಗೆ ತಳ್ಳಿ. ಹರಿತ ಚಾಕು ಕಾರ್ಬನ್ ಎಳೆ ಕತ್ತರಿಸುತ್ತದೆ, ಆ ಕಡ್ಡಿ ಮತ್ತೆ ಬಳಸಲು ಯೋಗ್ಯವಲ್ಲ. ಅಲ್ಯೂಮಿನಿಯಮ್ಮಿನ ಮೇಲೆ ಉಳಿದ ಅಂಟಿಗೆ ಅಸಿಟೋನ್ ನಡೆಯುತ್ತದೆ. ಕಾರ್ಬನ್ನನ್ನು ಅಸಿಟೋನ್‌ನಲ್ಲಿ ನೆನೆಸಬಾರದು, ಬೇಕೆಂದರೆ ಟಿಶ್ಯೂಗೆ ತಾಗಿಸಿ ಒಂದು ಸಲ ಒರೆಸಿ ತಕ್ಷಣ ಒಣಗಿಸಿ. ಲ್ಯಾಕರ್ ಹಚ್ಚಿದ ಮರಕ್ಕೆ ಅಸಿಟೋನ್ ತಾಗಿದರೆ ಲ್ಯಾಕರ್ ಕರಗಿಹೋಗುತ್ತದೆ, ಅಲ್ಲಿ ಚಾಕು ಮತ್ತು 320 ನಂಬರಿನ ಪೇಪರ್ ಮಾತ್ರ. ರ್ಯಾಪ್ ಸುತ್ತಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ಹಿಡಿದರೆ ಗರಿಸಮೇತ ಸುಲಿದು ಬರುತ್ತದೆ.

ಮೂರರಲ್ಲಿ ಒಂದೇ ಗರಿ ಹೋಗಿದ್ದರೆ ಒಂದನ್ನೇ ಬದಲಾಯಿಸಿ. ಮೊದಲು ಯಾವ ಅಂಟು ಹಾಕಿದ್ದಿರೋ ಅದನ್ನೇ ಹಾಕಿ. ಒಂದು ಅಂಟಿನ ಶೇಷದ ಮೇಲೆ ಇನ್ನೊಂದು ಜಾತಿಯ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಪ್ರತಿ ಕಡ್ಡಿಯ ಮೇಲೆ ನಾಕ್‌ನ ಹತ್ತಿರ ಸಣ್ಣದಾಗಿ ಅಂಟಿನ ಹೆಸರಿನ ಮೊದಲಕ್ಷರ, ತಿಂಗಳು ಬರೆದಿಡಿ.

ಕೆಲಸ ಮುಗಿದ ಮೇಲೆ ಸೈಯನೊಅಕ್ರಿಲೇಟ್ ಟ್ಯೂಬಿನ ಮೂತಿ ಒರೆಸಿ, ಮುಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆ ಸಿಗದಂತೆ ಫ್ರಿಜ್‌ನಲ್ಲಿಡಿ. ಮುಂದಿನ ಸಲ ಹೊರತೆಗೆದಾಗ ಕೋಣೆಯ ಶಾಖಕ್ಕೆ ಬಂದ ಮೇಲೆ ಮುಚ್ಚಳ ತೆರೆಯಿರಿ, ತಣ್ಣಗಿರುವಾಗಲೇ ತೆರೆದರೆ ಮೂತಿಯಲ್ಲಿ ತೇವ ಕೂತು ಟ್ಯೂಬು ಗಟ್ಟಿಯಾಗುತ್ತದೆ. ಜಿಗ್‌ನ ಕ್ಲ್ಯಾಂಪ್ ಮೇಲೆ ಒಣಗಿದ ಅಂಟಿನ ಚೂರು ಉಳಿದಿದ್ದರೆ ಈಗಲೇ ಕೆರೆದು ತೆಗೆಯಿರಿ. ಅಕ್ಕಿನುಚ್ಚಿನಷ್ಟು ಚೂರು ಸಾಕು, ಮುಂದಿನ ಗರಿ ಓರೆ ಕೂರಲು.